ಕ್ಯಾಮೆರಾದ ಪಕ್ಕ ನಿಂತು ಪ್ರೀತಿ ಓದಿದ ನೋರೀನ್

ಪಿಯರ್ಸ್ ಹ್ಯಾಲಂಬಿಯ ಹೆಸರು ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಜನಕ್ಕೆ ಅದು ಅರ್ಥವಾಗುವುದಿಲ್ಲ. ಮೊನ್ನೆ ಹಲ್ಲು ಕೀಳಿಸಿಕೊಳ್ಳಲು ಹೋಗಿ ಬಾಯಿ ಅಗಲಿಸಿ ಮಲಗಿದ್ದೇನೆ, ಇಕ್ಕಳ ಹಿಡಿದುಕೊಂಡೇ ಆ ಡಾಕ್ಟರಮ್ಮ ಕೇಳುತ್ತಾಳೆ: "ನೀವು ಅವರ ಜೊತೆ ಏಳು ಸಿನಿಮಾ ಮಾಡಿದೀರಂತೆ? ಅಯ್ಯೋ, ಎಷ್ಟು ಮೃದು ಮನುಷ್ಯ ಅಲ್ವಾ?" ಬಾಯಲ್ಲಿ ಹತ್ತಿ ತುಂಬಿದ್ದರಿಂದ ಅವತ್ತು ಆಕೆ ಬಚಾವಾದಳು.

ಮೃದುವಂತೆ! ಪರದೆಯ ಮೇಲೆ ಅವನು ಮಾಡಿದ್ದು ಒಂದೇ ಪಾತ್ರ. ಮೊದಲು ಕಾಫಿ ಚೆಲ್ಲುತ್ತಾನೆ, ನಡುವೆ ಹುಡುಗಿಯ ಮನಸ್ಸು ಮುರಿಯುತ್ತಾನೆ, ಕೊನೆಗೆ ಮಳೆಯಲ್ಲೋ ರೈಲ್ವೆ ಪ್ಲಾಟ್‌ಫಾರಂನಲ್ಲೋ ಬೇರೆಯವನ ಮದುವೆ ನಡೆಯುತ್ತಿರುವ ಚರ್ಚಿನಲ್ಲೋ ನಿಂತು "ತಪ್ಪೆಲ್ಲ ನಂದೇ, ನನ್ನ ಕ್ಷಮಿಸು" ಎಂದು ತೊದಲುತ್ತಾನೆ. ತೊಂಬತ್ತನಾಲ್ಕರಲ್ಲಿ ಹೂವಿನಂಗಡಿಯವನಾಗಿ ತೊದಲಿದ, ತೊಂಬತ್ತೇಳರಲ್ಲಿ ಪಾದ್ರಿಯಾಗಿ, ಆಮೇಲೆ ಹೆಂಡತಿ ಬಿಟ್ಟುಹೋದ ನಾಯಿ ಡಾಕ್ಟರಾಗಿ. ಇಂಗ್ಲೆಂಡಿನ ಅರ್ಧ ಹೆಂಗಸರು ಕರಗಿ ನೀರಾದರು. ಕ್ಯಾಮೆರಾ ನಿಂತ ಮೇಲೆ, ಇಪ್ಪತ್ತೊಂದು ವರ್ಷದಲ್ಲಿ ಒಂದೇ ಒಂದು ಸಲ "ತಪ್ಪು ನಂದು" ಎಂದಿದ್ದರೆ ನನ್ನ ಕಿವಿ ಕತ್ತರಿಸಿ ಕೊಡುತ್ತೇನೆ. ನನ್ನ ಕಿವಿಗೆ ಬೀಳದ ಮಾತು ಆ ಸೆಟ್ಟಿನಲ್ಲಿ ಇರಲಿಲ್ಲ. ನಾನು ಡೆಸ್ ಕ್ಯಾಟರ್‌ಮೋಲ್, ಉದ್ದ ಕೋಲಿನ ತುದಿಗೆ ಮೈಕು ಸಿಕ್ಕಿಸಿ ನಟರ ತಲೆಯ ಮೇಲೆ ಹಿಡಿಯುವವನು. ಯಾರು ಪಿಸುಗುಟ್ಟಿದರೂ ನನ್ನ ಹೆಡ್‌ಫೋನಿಗೆ ಬಂದು ಬೀಳುತ್ತಿತ್ತು.

ಇರಲಿ, ಹೇಳಬೇಕಾದದ್ದು ನೋರೀನ್ ಟ್ಯಾಪ್‌ಸ್ಕಾಟಳ ವಿಷಯ.

ನೋರೀನ್ ಹೇಯ್ಸ್ ಊರಿನವಳು, ಬಸ್ ಕಂಡಕ್ಟರನ ಮಗಳು. ಹತ್ತೊಂಬತ್ತಕ್ಕೆ ಸಿನಿಮಾ ಆಫೀಸೊಂದಕ್ಕೆ ಟೈಪಿಸ್ಟಾಗಿ ಸೇರಿ, ಕಂಟಿನ್ಯುಟಿ ನೋಡಿಕೊಳ್ಳುವ ಕೆಲಸ ಕಲಿತಳು. ಹಿಂದಿನ ಶಾಟಿನಲ್ಲಿ ಕಾಫಿ ಕಪ್ ಯಾವ ಕೈಯಲ್ಲಿತ್ತು, ಕೋಟಿನ ಎಷ್ಟು ಗುಂಡಿ ಹಾಕಿತ್ತು, ಯಾವ ಮಾತಿಗೆ ತಲೆ ಎತ್ತಿದ, ಎಲ್ಲ ಅವಳ ತಲೆಯಲ್ಲಿ ಇರಬೇಕು, ಹಾಳೆಯ ಮೇಲೂ ಇರಬೇಕು. ಟೇಕ್ ಕೆಟ್ಟರೆ ಯಾಕೆ ಕೆಟ್ಟಿತು, ಯಾರಿಂದ ಕೆಟ್ಟಿತು ಎಂದು ಬರೆಯುವವಳೂ ಅವಳೇ. ವಿಮಾನ ಹೋಯಿತು, ಲೈಟು ಹಾರಿತು, ನಟ ಮಾತು ಮರೆತ. ಮೂವತ್ತೊಂದು ವರ್ಷದ ಹಾಳೆಗಳಲ್ಲಿ ಆ ಜಾಗದಲ್ಲಿ ಅವಳ ಹೆಸರು ಒಮ್ಮೆಯೂ ಬಂದಿರಲಿಲ್ಲ. ಅವಳಿಗಿದ್ದ ಜಂಬ ಅದೊಂದೇ.

ಮದುವೆ ಆಗಲಿಲ್ಲ. ಟೂಟಿಂಗ್‌ನಲ್ಲಿ ಬೀಗ ರಿಪೇರಿ ಮಾಡುವವನೊಬ್ಬ ಕೇಳಿದ್ದ. ಶೂಟಿಂಗಿನ ದೆಸೆಯಿಂದ ಮದುವೆಯ ತಾರೀಕು ಮೂರು ಸಲ ಮುಂದಕ್ಕೆ ಹೋಯಿತು, ನಾಲ್ಕನೇ ಸಲ ಅವನೇ ಹೋದ. "ಅವನ ತಪ್ಪೇನಿಲ್ಲ ಬಿಡು" ಅಂದಿದ್ದಳು ನನ್ನ ಹತ್ತಿರ, ಚೀಸ್ ಸ್ಯಾಂಡ್‌ವಿಚ್ ಕಚ್ಚುತ್ತ. ನಾವೆಲ್ಲ ಊಟದ ಬಸ್ಸಿಗೆ ಹೋದಾಗ ಅವಳು ಕುರ್ಚಿಯಲ್ಲೇ ಕೂತು ತಿನ್ನುತ್ತ ಹಾಳೆ ತುಂಬಿಸುತ್ತಿದ್ದಳು.

ಪಿಯರ್ಸ್ ಅವಳ ತಲೆಗೆ ಕಟ್ಟಿದ್ದು ಇನ್ನೊಂದು ಕೆಲಸ. ಇಬ್ಬರು ಮಾತಾಡುವ ದೃಶ್ಯದಲ್ಲಿ ಮೊದಲು ಒಬ್ಬರ ಮುಖ ತೆಗೆಯುತ್ತಾರೆ, ಆಮೇಲೆ ಇನ್ನೊಬ್ಬರದು. ಎದುರಿನವರ ಸರದಿ ಬಂದಾಗ ತಾನು ಕ್ಯಾಮೆರಾದ ಪಕ್ಕ ನಿಂತು ತನ್ನ ಮಾತು ಹೇಳಿಕೊಡುವುದು ಮರ್ಯಾದೆ. ಈ ಮಹಾಶಯ ಮೊದಲ ಸಿನಿಮಾದಲ್ಲೇ ಕೋಟು ಎತ್ತಿಕೊಂಡು ಹೊರಟ. "ನನ್ನ ಮುಖ ಕಾಣಲ್ಲ ಅಂದ್ಮೇಲೆ ನಾನ್ಯಾಕಮ್ಮಾ? ನೋರೀನ್ ಇದಾಳಲ್ಲ, ಅವಳು ಓದ್ತಾಳೆ."

ಹೂವಿನಂಗಡಿಯ ಆ ಸಿನಿಮಾದಲ್ಲಿ ನಾಯಕಿ ಕೆರೆನ್ಸಾ ಪ್ರೌಸ್, ಕಾರ್ನ್‌ವಾಲ್‌ನಿಂದ ಆಗ ತಾನೇ ಬಂದಿದ್ದ ಹೊಸಬಳು. ಕಣ್ಣು ಎಲ್ಲೆಲ್ಲೋ ಹೋಗುತ್ತಿತ್ತು. ನೋರೀನ್ ಸ್ವೆಟರಿನ ತೋಳು ಮಡಚಿ, ಲೆನ್ಸಿಗೆ ತಾಗುವಷ್ಟು ಹತ್ತಿರ ಬಂದು, "ನನ್ನ ನೋಡು ಮಗು, ಬೇರೆ ಯಾರನ್ನೂ ನೋಡಬೇಡ" ಅಂದಳು. ಆಮೇಲೆ ಓದಿದಳು. ದೇವರಾಣೆ, ಕೋಲು ಹಿಡಿದಿದ್ದೇನೆ ಅನ್ನುವುದನ್ನೇ ಮರೆತೆ. "ತಪ್ಪೆಲ್ಲ ನಂದೇ" ಎನ್ನುವುದನ್ನು ಅವಳು ಹೇಳಿದ ರೀತಿಗೆ ಕೆರೆನ್ಸಾಳ ಕಣ್ಣು ತಾನಾಗಿ ತುಂಬಿತು. ಆ ಅಳುವಿನಿಂದಲೇ ಸಿನಿಮಾ ಓಡಿತು. ಪಿಯರ್ಸ್‌ನಂಥ ಪ್ರೇಮಿಯ ಎದುರು ಯಾವ ಹುಡುಗಿ ಅಳುವುದಿಲ್ಲ ಎಂದು ಪತ್ರಿಕೆಗಳು ಬರೆದವು. ಏಳೂ ಸಿನಿಮಾಗಳಲ್ಲಿ ಹೀಗೇ. ಎಲ್ಲ ನಾಯಕಿಯರೂ ಅತ್ತದ್ದು ಉಣ್ಣೆಯ ಸ್ವೆಟರು ಹಾಕಿದ ಹೇಯ್ಸಿನ ಹೆಂಗಸನ್ನು ನೋಡಿಕೊಂಡು. ಪಿಯರ್ಸ್ ಅವಳಿಗೆ ಥ್ಯಾಂಕ್ಸ್ ಹೇಳಿದ್ದನ್ನು ನಾನು ಕೇಳಿಲ್ಲ.

ಏಳನೆಯದು ಎರಡು ಸಾವಿರದ ಹದಿನೈದರ ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ಅವನ ಗಲ್ಲ ಜೋತಿತ್ತು, ಐದು ವರ್ಷದಿಂದ ಯಾರೂ ಕರೆದಿರಲಿಲ್ಲ. ವಯಸ್ಸಾದವರ ಪ್ರೇಮಕಥೆ, ನಾಯಕಿಯಾಗಿ ಮತ್ತೆ ಅದೇ ಕೆರೆನ್ಸಾ. ಈಗ ಪೋಸ್ಟರಿನಲ್ಲಿ ಅವಳ ಹೆಸರು ಮೇಲೆ, ಅವನದು ಕೆಳಗೆ. ಅದಕ್ಕೇ ಸಿಕ್ಕಸಿಕ್ಕವರ ಮೇಲೆ ಹರಿಹಾಯುತ್ತಿದ್ದ.

ಅಡುಗೆಮನೆಯ ದೃಶ್ಯವೊಂದಿತ್ತು. ಟೇಕಿಗೆ ಮುಂಚೆ ನೋರೀನ್ ಅವನ ಹತ್ತಿರ ಹೋಗಿ, "ಪಿಯರ್ಸ್, ನಿನ್ನೆ ಕಪ್ ಕೆಳಗಿಟ್ಟು ಆಮೇಲೆ 'ಕ್ಷಮಿಸು' ಅಂದ್ರಿ. ಇವತ್ತೂ ಹಂಗೇ ಮಾಡಿ" ಅಂದಳು.

"ನನಗೆ ಗೊತ್ತು ಹೋಗಮ್ಮಾ. ಕ್ಲಾಸ್ ಟೀಚರ್ ತರ ಬರ್ಬೇಡ."

ರೆಕಾರ್ಡಿಂಗ್ ಇನ್ನೂ ಶುರುವಾಗಿರಲಿಲ್ಲ, ಹೆಡ್‌ಫೋನಿನಲ್ಲಿ ಕೇಳಿಸಿಕೊಂಡವನು ನಾನೊಬ್ಬನೇ. ಅವನು ಕಪ್ ಹಿಡಿದೇ ಮಾತು ಮುಗಿಸಿದ. ಚೆನ್ನಾಗಿ ಬಂತು ಎಂದು ಎಲ್ಲರೂ ಮುಂದೆ ಹೋದರು. ನಾಲ್ಕು ದಿನದ ಮೇಲೆ ಎಡಿಟಿಂಗಿನಿಂದ ಸುದ್ದಿ ಬಂತು, ಎರಡು ದಿನದ ಶಾಟುಗಳು ಒಂದಕ್ಕೊಂದು ಕೂಡುವುದಿಲ್ಲ, ಅಡುಗೆಮನೆಯ ಸೆಟ್ಟು ಮತ್ತೆ ಕಟ್ಟಬೇಕು. ನಿರ್ಮಾಪಕ ಗಿಡಿಯನ್ ಬೆಳಿಗ್ಗೆ ಎಲ್ಲರ ಮುಂದೆಯೇ ಕೇಳಿದ: "ಯಾರ ತಪ್ಪಿದು?"

"ನನಗೆ ಯಾರೂ ಹೇಳಲಿಲ್ಲ" ಅಂದ ಪಿಯರ್ಸ್, ಸಾಸೇಜ್ ರೋಲ್ ತಿನ್ನುತ್ತ. "ಪಾಪ, ಅವಳಿಗೂ ವಯಸ್ಸಾಯ್ತು."

"ನಾನು ಹೇಳ್ದೆ. ನನ್ನ ಹಾಳೆಲೂ ಇದೆ" ಅಂದಳು ನೋರೀನ್.

"ಆಮೇಲೆ ಬರ್ಕೊಂಡಿರ್ತೀಯ ಬಿಡು."

ಮೂವತ್ತೊಂದು ವರ್ಷದ ಮುಖಕ್ಕೆ ಉಗಿದ ಹಾಗಿತ್ತು ಆ ಮಾತು. ಗಿಡಿಯನ್‌ಗೆ ಹೇಗಾದರೂ ಇದು ಮುಗಿದರೆ ಸಾಕಿತ್ತು. "ನೋಡಿ ನೋರೀನ್, ಹೇಳೋದು ಮರೆತೆ ಅಂತ ಬರೆದು ಸಹಿ ಹಾಕಿ. ಇಲ್ದಿದ್ರೆ ನಾಳೆಯಿಂದ ಬೇರೆ ಹುಡುಗಿ ಬರ್ತಾಳೆ."

"ಮರೀಲಿಲ್ಲ. ಬರಿಯಲ್ಲ."

ನೋರೀನ್ ಸುತ್ತಲೂ ನೋಡಿದಳು. ನಾನು ಕೋಲಿನ ತಿರುಪು ಬಿಗಿ ಮಾಡುತ್ತಿದ್ದೆ. ಅದು ಬಿಗಿಯಾಗೇ ಇತ್ತು. ಗಿಡಿಯನ್‌ನ ಮುಂದಿನ ಸಿನಿಮಾಕ್ಕೆ ನನ್ನನ್ನು ಗೊತ್ತು ಮಾಡಿದ್ದರು, ಅದಕ್ಕೆ ಬಾಯಿ ಮುಚ್ಚಿಕೊಂಡಿದ್ದೆ. ನೆನೆದರೆ ನನಗೇ ನನ್ನ ಮೇಲೆ ಅಸಹ್ಯ.

ಅವತ್ತು ಸಂಜೆಯವರೆಗೆ ಕೆಲಸ ಮಾಡಿ ಹೋಗು ಅಂದರು. ಅವಳು ಮಾಡಿದಳು. ಅವತ್ತಿನದು ಕೊನೆಯ ದೃಶ್ಯ, ನದಿಯ ದಂಡೆಯ ತೋಟದಲ್ಲಿ ಅವನು ಕ್ಷಮೆ ಕೇಳುವುದು. ಮೊದಲು ಕೆರೆನ್ಸಾಳ ಮುಖ ತೆಗೆದರು. ಪಿಯರ್ಸ್ ಎಂದಿನಂತೆ ತನ್ನ ವಿಶ್ರಾಂತಿಯ ಗಾಡಿಗೆ ಹೋಗಿ ಮಲಗಿದ, ನೋರೀನ್ ಎಂದಿನಂತೆ ಅವನ ಮಾತು ಓದಿದಳು, ಒಂದೇ ಟೇಕಿಗೆ ಮುಗಿಯಿತು. ಏಳೂವರೆಗೆ ಅವನ ಸರದಿ. ಇನ್ನು ಅರ್ಧ ಗಂಟೆಯ ಬೆಳಕು. ಮರುದಿನ ತೋಟ ಸಿಗುವುದಿಲ್ಲ.

ಕೆರೆನ್ಸಾ ಕೈಚೀಲ ತೆಗೆದುಕೊಂಡಳು.

"ಎಲ್ಲಿಗೆ ಹೊರಟೆ ಡಾರ್ಲಿಂಗ್?" ಎಂದ ಪಿಯರ್ಸ್.

"ನನ್ನ ಮುಖ ಕಾಣಲ್ವಲ್ಲ ಪಿಯರ್ಸ್. ನೋರೀನ್ ಇದಾರೆ, ಓದ್ತಾರೆ. ಅವರದಿವತ್ತು ಕೊನೇ ದಿನ ಅಂತಲ್ಲ, ನೀನೇ ಕಳಿಸ್ತಿರೋದಂತೆ." ಹಿಂದಿರುಗಿ ನೋಡದೆ ನಡೆದೇಬಿಟ್ಟಳು.

ಡೈರೆಕ್ಟರು ಕೈ ಮುಗಿಯುವುದೊಂದು ಬಾಕಿ. ನೋರೀನ್ ಎದ್ದು ಬಂದು ಲೆನ್ಸಿನ ಪಕ್ಕ ನಿಂತಳು.

"ನೀನು ಬರ್ತೀಯ ಅಂತ ನನಗೆ ಗೊತ್ತಿತ್ತು," ಎಂದು ಕೆರೆನ್ಸಾಳ ಮಾತು ಓದಿದಳು. ಒಂದಕ್ಷರ ಹೆಚ್ಚಿಲ್ಲ, ಕಮ್ಮಿಯಿಲ್ಲ. ಸ್ಟೇಷನ್ನಿನಲ್ಲಿ ರೈಲು ತಡ ಎಂದು ಹೇಳುವ ದನಿ. ಪಿಯರ್ಸ್ ತೊದಲಿದ. ಕಣ್ಣು ಹಿಗ್ಗಿಸಿದ, ಹುಬ್ಬು ಸುಕ್ಕು ಮಾಡಿದ. ಏನೂ ಬರಲಿಲ್ಲ. ಎರಡನೇ ಟೇಕು, ಮೂರನೆಯದು. "ಸ್ವಲ್ಪ ಜೀವ ಹಾಕಿ ಓದಮ್ಮಾ!" ಎಂದು ಕಿರುಚಿದ.

"ಮಾತು ತಪ್ಪಿದ್ರೆ ಹೇಳಿ, ತಿದ್ಕೋತೀನಿ."

"ಬೇಕಂತಲೇ ಮಾಡ್ತಿದೀಯ ನೀನು!"

ಐದನೆಯ ಟೇಕಿನಲ್ಲಿ ಅವನು ಅವಳನ್ನೇ ದಿಟ್ಟಿಸಿದ, ಮೊದಲ ಸಲ ನೋಡುವವನಂತೆ. ಅವಳೂ ದಿಟ್ಟಿಸಿದಳು. "ತಪ್ಪೆಲ್ಲ ನಂದೇ" ಎನ್ನುವಲ್ಲಿ ಅವನ ಮಾತೇ ನಿಂತುಹೋಯಿತು. ಬೆಳಕು ಹೋಯಿತು. ಸಿನಿಮಾ ನೋಡಿದರೆ ಗೊತ್ತಾಗುತ್ತದೆ, ಆ ದೃಶ್ಯದಲ್ಲಿ ಇರುವುದು ಕೆರೆನ್ಸಾಳ ಮುಖ ಮಾತ್ರ, ಅವನದು ಬರೀ ದನಿ. ಆಮೇಲೆ ಅವನನ್ನು ನಾಯಕನ ಪಾತ್ರಕ್ಕೆ ಯಾರೂ ಕರೆಯಲಿಲ್ಲ. ನನಗೆ ಕುಣಿಯುವಷ್ಟು ಖುಷಿಯಾಯಿತು. ಕೋಲು ಒರಗಿಸಿ ಅವಳ ಹತ್ತಿರ ಓಡಿದೆ.

ಅವಳು ಹಾಳೆ ತುಂಬಿಸುತ್ತಿದ್ದಳು. ಐದು ಟೇಕಿನ ಎದುರೂ ಒಂದೇ ಸಾಲು: ಓದಿದವಳ ತಪ್ಪು, ನೋರೀನ್ ಟ್ಯಾಪ್‌ಸ್ಕಾಟ್.

"ಏಯ್, ನಿನಗೇನು ತಲೆ ಕೆಟ್ಟಿದ್ಯಾ? ನಟನಿಗೆ ಬರಲಿಲ್ಲ ಅಂತ ಬರಿ. ಅದೇ ನಿಜ ಅಲ್ವಾ?"

"ಅವನಿಗೆ ಬರಲ್ಲ ಅನ್ನೋದು ನನಗೆ ಇಪ್ಪತ್ತು ವರ್ಷದಿಂದ ಗೊತ್ತು. ಇವತ್ತು ಕೆಡಿಸಿದ್ದು ನಾನು."

"ಬೆಳಿಗ್ಗೆ ಅವರು ಕೆಲಸದಿಂದ ತೆಗೀತೀವಿ ಅಂದ್ರೂ ಬರೀಲಿಲ್ಲ, ಈಗ—"

"ಬೆಳಿಗ್ಗೆದು ನಂದಾಗಿರ್ಲಿಲ್ಲ." ಪೆನ್ಸಿಲ್ ಕೆಳಗಿಟ್ಟು ನನ್ನ ಮುಖ ನೋಡಿದಳು. "ನಾನು ಅವನಿಗೆ ಹೇಳಿದ್ದು ನಿನಗೆ ಕೇಳಿಸಿತ್ತು, ಅಲ್ವಾ ಡೆಸ್?"

"ಕೇಳಿಸಿತ್ತು" ಎಂದೆ.

ಹೋಗಿ ಗಿಡಿಯನ್‌ಗೂ ಅದನ್ನು ಹೇಳುತ್ತೇನೋ ಎಂದು ಕಾದಳು. ಆಮೇಲೆ ಹಾಳೆ ತೆಗೆದುಕೊಂಡು ಗಿಡಿಯನ್‌ನ ಆಫೀಸು ಗಾಡಿಯ ಕಡೆ ನಡೆದಳು. ಅದು ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು, ಬಾಗಿಲು ತೆರೆದೇ ಇತ್ತು. ನಾನು ಕೇಬಲ್ ಸುತ್ತುತ್ತ ನಿಂತೆ.