ಅಪ್ಪನ ಮಾವಿನ ಮರ ಮಾರಿದ್ದು

ನಮ್ಮ ಕಡೆ ಹೆಣ ಸುಡುವುದಕ್ಕೆ ಮಾವಿನ ಸೌದೆಯೇ ಆಗಬೇಕು. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಗಂಡಸರು ಮೊದಲು ಕೊಡಲಿ ಹಿಡಿದು ಹಿತ್ತಲಿಗೆ ಹೋಗುತ್ತಾರೆ. ಕಾಪುವಿನ ನಮ್ಮ ಹಿತ್ತಲಲ್ಲೂ ಒಂದು ಕಾಟುಮಾವಿನ ಮರವಿತ್ತು. ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದ ಅಪ್ಪ ಬಂದವರಿಗೆಲ್ಲ ಅದನ್ನು ತೋರಿಸಿ, "ಇದು ನನ್ನದು, ಯಾರೂ ಮುಟ್ಟಬೇಡಿ" ಎನ್ನುತ್ತಿದ್ದರು. ಯಾರಿಗೂ ಅದರಲ್ಲಿ ಅಪಶಕುನ ಕಾಣುತ್ತಿರಲಿಲ್ಲ. ಅದರ ಮಿಡಿ ಉಪ್ಪಿನಕಾಯಿ ನೆಕ್ಕುತ್ತಲೇ ನಾವು ಅಪ್ಪನ ಸೌದೆಯ ಮಾತಾಡುತ್ತಿದ್ದೆವು.

ಇಂಥ ಜನರಿಗೆ ಕಾಯಿಲೆಯ ಹೆಸರು ಹೇಳಲು ಮಾತ್ರ ಬಾಯಿ ಬರುವುದಿಲ್ಲ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ, ಎಲ್ಲರಿಗಿಂತ ಮೊದಲು ನನ್ನ ಮೇಲೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಬನ್ನಂಜೆಯಲ್ಲಿ ಕೋಣೆ ಹಿಡಿದು ಉಡುಪಿಯ ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಏಪ್ರಿಲ್ ನಡುವಿನ ಬಿಸು ಹಬ್ಬಕ್ಕೆ ಸ್ವಲ್ಪ ಮೊದಲು, ಅನ್ನ ಗಂಟಲಲ್ಲಿ ಇಳಿಯುವುದಿಲ್ಲವೆಂದು ಅಪ್ಪನನ್ನು ಮಣಿಪಾಲಕ್ಕೆ ಕರೆದುಕೊಂಡು ಹೋದೆವು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದರು. ಅನ್ನನಾಳದ ಕ್ಯಾನ್ಸರ್, ಇನ್ನು ಕೆಲವೇ ತಿಂಗಳು ಎಂದರು. ಅವರಿಗೆ ತಿಳಿಸುವುದು ಒಳ್ಳೆಯದು, ಬೇಕಾದರೆ ನಾನೂ ಜೊತೆಗಿರುತ್ತೇನೆ ಎಂದೂ ಹೇಳಿದರು. ಹೊರಗೆ ಬಂದು ಅಮ್ಮನನ್ನು ಬದಿಗೆ ಕರೆದು ತಿಳಿಸಿದಾಗ ಅವಳು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಅವರ ಹತ್ರ ಹೇಳ್ಬೇಡ ಮಗಾ. ಹೇಳಿದ್ರೆ ಅವತ್ತೇ ಹೋಗ್ತಾರೆ."

ವರಾಂಡದ ಬೆಂಚಿನಲ್ಲಿ ಕುಳಿತಿದ್ದ ಅಪ್ಪ ನೇರವಾಗಿಯೇ ಕೇಳಿದರು.

"ಎಂತ ಹೇಳಿದ್ರು?"

"ಹುಣ್ಣು ಅಂತೆ ಅಪ್ಪ. ಮದ್ದು ಕೊಟ್ಟಿದ್ದಾರೆ."

"ಸಾಯುವುದಾದ್ರೆ ಹೇಳು. ಅಕ್ಕನನ್ನು ಒಮ್ಮೆ ನೋಡ್ಲಿಕ್ಕುಂಟು."

"ಹಾಗೆಲ್ಲ ಎಂತದ್ದೂ ಇಲ್ಲ."

ಅಕ್ಕ ಎಂದರೆ ಕಾರ್ಕಳದ ನನ್ನ ಅತ್ತೆ. ಅವರ ಮಗನಿಗೆ ನನ್ನನ್ನು ಕೊಡುವುದೆಂದು ನಾನು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ಕಾಲೇಜು ಮುಗಿಸಿದ ನಾನು ಬೇಡ ಎಂದೆ. ಅಪ್ಪ ನನ್ನ ಪರವಾಗಿ ನಿಂತರು. ಅಂದಿನಿಂದ ಅತ್ತೆ ನಮ್ಮ ಮನೆಯ ಮೆಟ್ಟಿಲು ತುಳಿಯಲಿಲ್ಲ, ಅಪ್ಪನೂ ಅತ್ತ ಹೋಗಲಿಲ್ಲ. ಹೀಗೆ ಒಂಬತ್ತು ವರ್ಷ ಕಳೆದಿತ್ತು. ಶಿರ್ವದ ಮೇಲೆ ಹೋಗುವ ಬಸ್ಸು ಹತ್ತಿದರೆ ಎರಡು ಗಂಟೆಯ ದಾರಿಯೂ ಅಲ್ಲ.

ಮನೆಗೆ ಬಂದ ಮೇಲೆ ನೋಡಲು ಬಂದವರದ್ದೆಲ್ಲ ಒಂದೇ ರಾಗ. ಕಿತ್ತಳೆ ಹಣ್ಣು ಇಡುವುದು, "ಒಂದು ತಿಂಗಳಲ್ಲಿ ಎದ್ದು ತಿರುಗಾಡ್ತೀರಿ, ಎಂತ ಹೆದರ್ತೀರಿ ಮಾರಾಯ್ರೆ" ಎನ್ನುವುದು, ಅಂಗಳಕ್ಕೆ ಇಳಿದದ್ದೇ ನನ್ನ ಕಿವಿಯಲ್ಲಿ "ಎಷ್ಟು ದಿನ ಅಂತೆ?" ಎಂದು ಕೇಳುವುದು. ನುಂಗಲಾರದವರಿಗೆ ಕಿತ್ತಳೆ ತರುವ ಇವರನ್ನು ಹಿಡಿದು ಅಲುಗಾಡಿಸಬೇಕೆನಿಸುತ್ತಿತ್ತು. ಆದರೆ ಅವರ ಮುಂದೆ ನಾನೂ ಹಲ್ಲು ಕಿರಿದು ನಿಲ್ಲುತ್ತಿದ್ದೆ.

ಅಪ್ಪನಿಗೆ ನಮ್ಮ ಮಾತಿನ ಮೇಲೆ ನಂಬಿಕೆ ಬಂದಿರಲಿಲ್ಲ. ಒಂದು ದಿನ ಶಿರ್ವದ ಮರದ ವ್ಯಾಪಾರಿ ಬಂದ. ಮೀನಿನ ಪೆಟ್ಟಿಗೆಯ ಹಲಗೆಗೆಂದು ನಮ್ಮ ಮರವನ್ನು ಎಷ್ಟೋ ಸಲ ಕೇಳಿ ಅಪ್ಪನಿಂದ ಬೈಸಿಕೊಂಡು ಹೋದವನು. ಈ ಸಲ ಅಪ್ಪ ಅವನನ್ನು ಕೂರಿಸಿ, ನನ್ನ ಮುಖ ನೋಡುತ್ತ ಕೇಳಿದರು. "ನಾನು ಗುಣ ಆಗುವುದಾದ್ರೆ ಈ ಮರ ಸದ್ಯಕ್ಕೆ ಬೇಡ ಅಲ್ವಾ? ಆಚೆ ಸಣ್ಣದೊಂದು ಬೆಳೀತಾ ಉಂಟು. ಇದನ್ನು ನಾವು ಕೊಡುವನಾ?"

ಅಮ್ಮ ಎದ್ದು ಒಳಗೆ ಹೋದಳು. ಅಪ್ಪ ನನ್ನ ಮುಖದಿಂದ ಕಣ್ಣು ಕೀಳಲಿಲ್ಲ. ನಾನು ಬೇಡ ಎಂದಿದ್ದರೆ ಸಾಕಿತ್ತು, ಅಷ್ಟರಲ್ಲೇ ಎಲ್ಲ ತಿಳಿದುಕೊಳ್ಳುತ್ತಿದ್ದರು. ಕಾಯಿಲೆಯ ಹೆಸರು ಎತ್ತುವ ಅಗತ್ಯವೂ ಇರಲಿಲ್ಲ. ನನ್ನ ಕೆಲಸವನ್ನು ಅವರೇ ಅಷ್ಟು ಸುಲಭ ಮಾಡಿಕೊಟ್ಟಿದ್ದರು.

"ಕೊಡುವ, ಅಪ್ಪ" ಎಂದೆ.

ಎರಡು ದಿನದಲ್ಲಿ ಮರ ಲಾರಿ ಹತ್ತಿತು. ಅಂದಿಗೆ ಅಪ್ಪನ ಅನುಮಾನವೂ ಹೋಯಿತು. ಕ್ಷೌರ ಮಾಡಿಸಿಕೊಂಡರು, ಗಂಜಿಯ ತಿಳಿಯನ್ನು ಎರಡು ಚಮಚ ಹೆಚ್ಚೇ ಕುಡಿದರು. ಅಮ್ಮ ನನ್ನನ್ನು ಜಾಣೆ ಎಂದಳು. ಆಗ ನನಗೂ ಗೆದ್ದ ಹಾಗೆ ಅನಿಸಿದ್ದು ನಿಜ. ಅದಕ್ಕೇ ಈಗ ಇಷ್ಟು ಸಿಟ್ಟು.

ಭಾನುವಾರ ಮನೆಗೆ ಬಂದಾಗಲೆಲ್ಲ, "ಅತ್ತೆಯನ್ನು ಕರ್ಕೊಂಡು ಬರಲಾ?" ಎಂದು ಕೇಳುತ್ತಿದ್ದೆ.

"ಬೇಡ. ಈ ಅವತಾರ ನೋಡಿದ್ರೆ, ಸಾಯುವಾಗ ನೆನಪಾಯ್ತಾ ಅಂತಾಳೆ. ಮಳೆ ಕಳೀಲಿ, ಸ್ವಲ್ಪ ಮೈ ಬರ್ಲಿ, ನಾನೇ ಹೋಗ್ತೇನೆ."

ಅಮ್ಮನೂ ಒಪ್ಪಲಿಲ್ಲ. ಅತ್ತೆ ಬಂದು ಗೋಳೋ ಎಂದರೆ ಗುಟ್ಟು ರಟ್ಟಾಗುತ್ತದಂತೆ. ನಾನು ಅತ್ತೆಗೆ ಒಂದು ಕಾರ್ಡು ಬರೆದು ಹಾಕಬಹುದಿತ್ತು. ಅದನ್ನೂ ಮಾಡಲಿಲ್ಲ. ಸುಳ್ಳು ಹೇಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುವ ಟೀಚರು ನಾನು. ಒಂದು ಸುಳ್ಳನ್ನು ಕಾಯಲು ವಾರಕ್ಕೆ ಹತ್ತು ಹೇಳುವುದರಲ್ಲಿ ಪಳಗಿಬಿಟ್ಟಿದ್ದೆ.

ಜುಲೈ ಕೊನೆಯಲ್ಲಿ, ಆಟಿ ತಿಂಗಳ ಒಂದು ಮಧ್ಯಾಹ್ನ ಅಪ್ಪ ತೀರಿಕೊಂಡರು. ಮಳೆ ಇನ್ನೂ ಕಳೆದಿರಲಿಲ್ಲ. ಪಕ್ಕದ ಮನೆಯವರು ತಮ್ಮ ಮಾವಿನ ಮರದ ಗೆಲ್ಲುಗಳನ್ನು ಕಡಿದು ಕೊಟ್ಟರು. ಕಾರ್ಕಳಕ್ಕೆ ಜನ ಕಳಿಸಿದೆವು. ಅತ್ತೆ ಬರುವವರೆಗೆ ಹೆಣ ಎತ್ತಲಿಲ್ಲ.

ಅತ್ತೆ ಅಳಲಿಲ್ಲ. ಅಪ್ಪನ ಗಲ್ಲ ಮುಟ್ಟಿ ನೋಡಿದರು, ತೋಳು ಮುಟ್ಟಿ ನೋಡಿದರು. ಇದು ನಿನ್ನೆ ಮೊನ್ನೆಯ ಕಾಯಿಲೆಯಲ್ಲವೆಂದು ಅವರಿಗೆ ತಿಳಿಯಿತು. ನನ್ನ ಕಡೆ ತಿರುಗಿದರು.

"ಯಾವಾಗ ಗೊತ್ತಾಯ್ತು?"

"ಬಿಸುವಿನ ಮೊದಲು."

"ನನ್ನನ್ನು ಕೇಳಿದ್ನಾ?"

ಅವರ ಬೆನ್ನ ಹಿಂದೆ ಅಮ್ಮ ಹೇಳಬೇಡವೆಂದು ತಲೆಯಾಡಿಸಿದಳು. ನನಗೆ ಸಾಕುಸಾಕಾಗಿತ್ತು. "ಮೊದಲ ದಿನವೇ ಕೇಳಿದ್ರು. ಸಾಯುವುದಾದ್ರೆ ನಿಮ್ಮನ್ನು ನೋಡ್ಲಿಕ್ಕುಂಟು ಅಂದ್ರು. ಎಂತದ್ದೂ ಇಲ್ಲ ಅಂತ ನಾನೇ ಹೇಳಿದೆ."

ಅತ್ತೆ ಅಪ್ಪನ ತೋಳಿನ ಮೇಲಿಂದ ಕೈ ತೆಗೆದರು.

"ನೀನು ಬೇಡ ಅಂದದ್ದಕ್ಕೆ ಅವನು ನನ್ನನ್ನೇ ಬಿಟ್ಟ. ಅವನಿಗೆ ನೀನು ಇಷ್ಟನ್ನೂ ಹೇಳ್ಲಿಲ್ಲ ಅಲ್ವಾ?"

"ಇಲ್ಲ ಅತ್ತೆ" ಎಂದೆ.