ಮರಿಯ ನೀಲಿ ದವಡೆ

ಕಾಲೇಜಿನ ಮಕ್ಕಳು ಅವರಿಗೆ ಇಟ್ಟಿದ್ದ ಹೆಸರು ‘ಮೊಟ್ಟೆ ಮೇಡಂ’. ಪ್ರಾಣಿಶಾಸ್ತ್ರದ ಉಪನ್ಯಾಸಕಿ. ಕೋಳಿ ಫಾರಂ ಇಟ್ಟಿದ್ದ ತಮ್ಮನಿಂದ ಕಾವು ಕೊಟ್ಟ ಮೊಟ್ಟೆ ಇಸಕೊಂಡು, ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತರುತ್ತಿದ್ದರು. “ಅಕ್ಕಾ, ಕೋಳಿ ಕೇಳಿದರೆ ಏನಂತ ಹೇಳಲಿ?” ಅಂತ ತಮ್ಮ ರೇಗಿಸುತ್ತಿದ್ದ.

ಹುಟ್ಟುವಾಗಲೇ ಅವರ ಮೇಲ್ದುಟಿ, ಅಂಗುಳ ಎರಡೂ ಸೀಳಿದ್ದವು. ಹೊಲಿದು ಸರಿಮಾಡಿದ್ದರೂ ಮಾತು ಕೊಂಚ ಮೂಗಿನಿಂದ ಬರುತ್ತಿತ್ತು. ಶಾಲೆಯಲ್ಲಿ ಅಣಕಿಸದವರೇ ಇಲ್ಲ. “ನನ್ನ ಬಾಯಿ ಯಾಕಮ್ಮ ಹೀಗೆ?” ಎಂದು ಒಮ್ಮೆ ಕೇಳಿದಾಗ ಅಮ್ಮ, “ಬಸುರಿದ್ದಾಗ ತಿನ್ನಬಾರದ್ದು ಏನೋ ತಿಂದುಬಿಟ್ಟೆ ಅನ್ಸುತ್ತೆ ಕಣೇ, ತಪ್ಪು ನಂದೇ,” ಎಂದು ಕಣ್ಣೊರೆಸಿಕೊಂಡಿದ್ದರು. ಮುಖ ಹೇಗೆ ಕೂಡಿಕೊಳ್ಳುತ್ತದೆ ಎಂದು ತಿಳಿಯಲೇಬೇಕೆಂಬ ಹಟ ಹುಡುಗಿಗೆ ಅಂದೇ ಹುಟ್ಟಿತು. ಆ ಹಟದಲ್ಲೇ ಓದಿ ಮೇಡಂ ಆದರು.

ಪಾಠದಲ್ಲಿ ಹೇಳಿದ್ದನ್ನು ಮಕ್ಕಳಿಗೆ ಕಣ್ಣಾರೆ ತೋರಿಸಬೇಕು ಅಂತ ಅವರ ಆಸೆ. ಮೊಟ್ಟೆಯೊಳಗಿನ ಮರಿಯ ತಲೆಗೆ ಬಣ್ಣ ಹಿಡಿಸಿದರೆ ಮೂಳೆಗಿಂತ ಮೆತ್ತಗಿರುವ ಮೃದ್ವಸ್ಥಿ ನೀಲಿ, ಮೂಳೆ ಕೆಂಪು. ಉಳಿದ ಮಾಂಸವೆಲ್ಲ ಗಾಜಿನಂತೆ ಪಾರದರ್ಶಕವಾಗಬೇಕು.

“ಪುಸ್ತಕದಲ್ಲಿ ಚಿತ್ರ ಇದೆಯಲ್ಲ ಮೇಡಂ, ಸಾಲದಾ?” ಅಂದರು ಪ್ರಿನ್ಸಿಪಾಲರು.

“ಚಿತ್ರ ನೋಡಿ ಈಜು ಕಲಿಯೋಕಾಗುತ್ತಾ ಸರ್?”

ಮೊದಲ ಮರಿ ಪೂರ್ತಿ ನೀಲಿಯಾಯಿತು. ಮುಂದಿನದು ಮಾಂಸವನ್ನು ತಿಳಿಯಾಗಿಸುವ ಕ್ಷಾರದಲ್ಲಿ ಹೆಚ್ಚು ಹೊತ್ತು ಕೂತು ಗಂಜಿಯಾಯಿತು. ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಮೇಡಂ ಮಾತ್ರ ಬಿಡಲಿಲ್ಲ. ಕ್ಷಾರವನ್ನು ತೆಳುಮಾಡುತ್ತ, ಅವಸರ ಬಿಟ್ಟು, ಮತ್ತೆ ಮತ್ತೆ ಕೂತರು.

ಒಂದು ಬೆಳಿಗ್ಗೆ ಮರಿಯಿದ್ದ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದವರು “ಬಂತು! ಬಂತು!” ಎಂದು ಕೂಗಿದ್ದು ಪಕ್ಕದ ತರಗತಿಗೂ ಕೇಳಿತು. ಮಕ್ಕಳು ಮುಗಿಬಿದ್ದರು. ಮರಿಯ ಕೆಳದವಡೆಯಲ್ಲಿ ಎರಡೂ ಕಡೆಯಿಂದ ಬಂದ ನೀಲಿ ಕಡ್ಡಿ. ಅದರ ಮಗ್ಗುಲಲ್ಲೇ ಕೆಂಪು ಮೂಳೆಯ ಎಳೆಗಳು.

“ನೀಲಿ ಕಡ್ಡಿಯೇ ಮೂಳೆ ಆಗುತ್ತಾ ಮೇಡಂ?”

“ಇಲ್ಲ, ಅದು ಆಸರೆ. ದವಡೆಯ ಮೂಳೆ ಬಹುಪಾಲು ಅದರ ಪಕ್ಕದಲ್ಲಿ ತಾನೇ ಕಟ್ಟಿಕೊಳ್ಳುತ್ತೆ. ನಮ್ಮಲ್ಲಾದರೆ ಆ ಕಡ್ಡಿ ಹೆಚ್ಚುಕಡಿಮೆ ಕರಗಿಹೋಗುತ್ತೆ; ಹಿಂದಿನ ತುದಿ ಕಿವಿಯೊಳಗಿನ ಪುಟ್ಟ ಮೂಳೆಗಳಾಗುತ್ತೆ.”

ಹುಡುಗರೆಲ್ಲ ಒಟ್ಟಿಗೆ ಕಿವಿ ಮುಟ್ಟಿಕೊಂಡರು. ಅವರ ಹಿಂದೆ ಬಂದು ನಿಂತಿದ್ದ ಪ್ರಿನ್ಸಿಪಾಲರೂ ಮುಟ್ಟಿಕೊಂಡರು. ಚಪ್ಪಾಳೆಯೋ ಚಪ್ಪಾಳೆ.

ಮಧ್ಯಾಹ್ನ ಮೇಡಂ ಅಮ್ಮನನ್ನು ಆಟೋದಲ್ಲಿ ಕರೆತಂದು ಸ್ಟೂಲಿನ ಮೇಲೆ ಕೂರಿಸಿದರು. ಅಮ್ಮ ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು.

“ಇದನ್ನೆಲ್ಲ ತಾಯಿಕೋಳಿ ಮಾಡುತ್ತಾ?”

“ಇಲ್ಲಮ್ಮ, ಮರಿ ತಾನೇ ಕಟ್ಟಿಕೊಳ್ಳುತ್ತೆ. ಮುಖದ ತುಂಡುಗಳು ಆ ಕಡೆಯಿಂದ, ಈ ಕಡೆಯಿಂದ ಬೆಳೆದು ಬಂದು ಸೇರಬೇಕು. ನನ್ನ ತುಟೀಲಿ, ಅಂಗುಳದಲ್ಲಿ ಸೇರೋದು ತಪ್ಪಿತು, ಅಷ್ಟೇ. ನಿನಗೆ ಬಸುರು ಗಟ್ಟಿಯಾಗಿ ಗೊತ್ತಾಗೋ ಹೊತ್ತಿಗೆ ತುಟಿಯ ಕೆಲಸ ಮುಗಿದೇ ಹೋಗಿತ್ತು. ನೀನು ತಿಂದ ತುತ್ತಿನ ತಪ್ಪಲ್ಲ ಇದು.”

ಅಮ್ಮ ಸೆರಗಿನಿಂದ ಭೂತಗನ್ನಡಿ ಒರೆಸಿ ಇನ್ನೊಮ್ಮೆ ನೋಡಿದರು. ಆಮೇಲೆ ಸ್ಟೂಲಿನಿಂದಿಳಿದು, ನೆಟ್ಟಗೆ ನಿಂತು, ಸುತ್ತಲಿದ್ದ ಮಕ್ಕಳಿಗೆಲ್ಲ ಕೇಳುವ ಹಾಗೆ, “ನನ್ನ ಮಗಳು ಕಣ್ರಪ್ಪಾ ಇವಳು!” ಎಂದರು.

ಮುಂದಿನ ವಾರ ಅಮ್ಮ ಓಣಿಯ ಹೆಂಗಸರನ್ನೆಲ್ಲ ಹೊರಡಿಸಿಕೊಂಡು ಬಂದು, ಬಾಟಲಿಯ ಮುಂದೆ ನಿಂತು ಪಾಠವನ್ನೂ ಅವರೇ ಶುರುಮಾಡಿದರು. ಮೇಡಂ ಬಾಗಿಲಿಗೆ ಒರಗಿ ನಿಂತು, ನಗು ತಡೆದುಕೊಂಡು, ಒಂದೇ ಒಂದು ಕಡೆ ತಿದ್ದಿದರು: “ನೀಲಿ ಕಡ್ಡಿ ಮೂಳೆ ಆಗಲ್ಲಮ್ಮ, ಅದು ಆಸರೆ.”