ಆ ಡ್ರಮ್ ಬಾರಿಸಿದ್ದು ಯಾರು?

ಹಾರೋಹಳ್ಳಿಯಲ್ಲಿ ರಬ್ಬರಿನ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಯಲ್ಲಿ ನನಗೆ ಕೆಲಸ ಸಿಕ್ಕಾಗ ಇಪ್ಪತ್ತೆರಡು ವರ್ಷ. ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ಆಗ ಅಲ್ಲಿ ತಿಂಗಳಿಗೊಂದು ಹೊಸ ಶೆಡ್ಡು ಏಳುತ್ತಿತ್ತು. ನಮ್ಮೂರು ಮಾಗಡಿ ಹತ್ತಿರದ ಕಲ್ಯ. ಅಲ್ಲಿಂದ ಹಾರೋಹಳ್ಳಿಗೆ ಬರಬೇಕೆಂದರೆ ಮಾಗಡಿ, ರಾಮನಗರ, ಕನಕಪುರ ಅಂತ ಬಸ್ಸು ಬದಲಿಸುತ್ತಲೇ ಅರ್ಧ ದಿನ ಕಳೆಯುತ್ತಿತ್ತು. ಹಾಗಾಗಿ ಕನಕಪುರದಲ್ಲಿ ಒಂದು ಕೋಣೆ ಹಿಡಿದೆ. ನಮ್ಮ ಕಾರ್ಖಾನೆಯ ಎಲೆಕ್ಟ್ರಿಷಿಯನ್ ಒಬ್ಬರ ಮನೆಯ ಹಿಂಭಾಗದಲ್ಲಿ, ಮೊದಲು ರೇಷ್ಮೆಹುಳು ಸಾಕುತ್ತಿದ್ದ ಕೋಣೆ. ಸುಣ್ಣ ಹೊಡೆಸಿದ್ದರೂ ಹಿಪ್ಪುನೇರಳೆ ಸೊಪ್ಪಿನ ವಾಸನೆ ಹೋಗಿರಲಿಲ್ಲ.

ಅವರು ನನಗಿಂತ ಹನ್ನೆರಡು ವರ್ಷ ದೊಡ್ಡವರು. ನಾನು ಅಣ್ಣ ಅನ್ನುತ್ತಿದ್ದೆ. ಕಾರ್ಖಾನೆಯಲ್ಲಿ ಹೆಚ್ಚು ಮಾತಾಡದ ಮನುಷ್ಯ. ಮೊದಲ ಭಾನುವಾರ ಬೆಳಗ್ಗೆ ನಾನು ಬಟ್ಟೆ ಒಗೆಯುತ್ತಿದ್ದಾಗ ಅವರ ಮನೆಯೊಳಗಿಂದ ಬಂದ ಸದ್ದು ಕೇಳಿ ಏನೋ ಕುಸಿದುಬಿತ್ತೆಂದು ಕೈಯಲ್ಲಿ ಸೋಪು ಹಿಡಿದೇ ಓಡಿದೆ. ಅಣ್ಣ ಟೇಪ್ ರೆಕಾರ್ಡರಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು.

"ಏನಣ್ಣ ಇದು?"

"ಹಾರ್ಡ್ ರಾಕ್ ಕಣ್ಲಾ. ಕೂತ್ಕೊ."

"ಏನು ಹೇಳ್ತಾವ್ರೆ?"

"ನಂಗೂ ಗೊತ್ತಿಲ್ಲ. ಮಾತು ಬುಡು, ಡ್ರಮ್ ಕೇಳು."

ಬೆಂಗಳೂರಿನಲ್ಲಿ ಐಟಿಐ ಓದುವಾಗ ಹಾಸ್ಟೆಲ್ಲಿನ ಜೊತೆಗಾರನಿಂದ ಅವರಿಗೆ ಈ ಹುಚ್ಚು ಹತ್ತಿತ್ತಂತೆ. ಒಂದೇ ಬ್ಯಾಂಡಿನ ಒಂಬತ್ತು ಕ್ಯಾಸೆಟ್ಟು ಇಟ್ಟುಕೊಂಡಿದ್ದರು. ಬ್ಯಾಂಡಿನ ಹೆಸರನ್ನು ಅವರು ಒಂದು ರೀತಿ ಹೇಳುತ್ತಿದ್ದರು, ನನಗೆ ಇನ್ನೊಂದು ರೀತಿ ಕೇಳುತ್ತಿತ್ತು. ಇವತ್ತಿಗೂ ಸರಿಯಾದದ್ದು ಯಾವುದೆಂದು ಖಾತ್ರಿಯಿಲ್ಲದ್ದರಿಂದ ಇಲ್ಲಿ ಬರೆಯುವುದಿಲ್ಲ. ಹೈಸ್ಕೂಲಿನಲ್ಲಿ ಸ್ವಾತಂತ್ರ್ಯ ದಿನದ ಮೆರವಣಿಗೆಗೆ ನಾನು ಸೈಡ್ ಡ್ರಮ್ ಬಾರಿಸಿದ್ದೆ. ಅಷ್ಟರಿಂದಲೋ ಏನೋ, ಅಣ್ಣ ಹೇಳಿದಂತೆ ಮಾತು ಬಿಟ್ಟು ಡ್ರಮ್ಮಿಗೆ ಕಿವಿ ಕೊಟ್ಟಾಗ ಕುತೂಹಲ ಹುಟ್ಟಿತು. ಬಕೆಟ್ಟಿನಲ್ಲಿ ಬಟ್ಟೆ ನೆನೆದೇ ಇತ್ತು.

ಮುಂದಿನ ಭಾನುವಾರ ಅವರು ಬೇರೆ ಕ್ಯಾಸೆಟ್ ಹಾಕಿದರು. ನನಗೆ ಎಲ್ಲವೂ ಬೇರೆಯಾಗಿ ಕೇಳಿಸಿತು.

"ಇದು ಬೇರೆ ಬ್ಯಾಂಡಾ ಅಣ್ಣ?"

"ಅದೇ ಕಣ್ಲಾ. ಇದು ಆರನೇದು."

"ಹಾಡೋನು ಅವನಲ್ವಲ್ಲ."

"ಅವನು ಬುಟ್ಟೋದ."

"ಡ್ರಮ್ಮೂ ಬೇರೆ ಥರ ಐತೆ."

"ಅವನೂ ಬುಟ್ಟೋದ. ಗಿಟಾರಿನೋನೂ ಹೋದ."

"ಮತ್ತೆ ಉಳ್ಕಂಡಿರೋನು ಯಾರಣ್ಣ?"

"ಆರ್ಗನ್ ಬಾರ್ಸೋನು ಒಬ್ನೇ."

ನನಗೆ ಇದು ತಲೆಗೆ ಹತ್ತಲಿಲ್ಲ. ಐದು ಜನರಲ್ಲಿ ನಾಲ್ಕು ಜನ ಬದಲಾದ ಮೇಲೂ ಅದೇ ಬ್ಯಾಂಡು ಹೇಗಾಗುತ್ತದೆ? ಅಣ್ಣ ಕಪಾಟಿನಿಂದ ಹಳೆಯ ಡೈರಿಯೊಂದನ್ನು ತಂದು ಕೊಟ್ಟರು. ಅದರಲ್ಲಿ ಸ್ಕೇಲಿಟ್ಟು ಗೆರೆ ಎಳೆದು ಒಂಬತ್ತು ಸಾಲು ಮಾಡಿದ್ದರು. ಯಾವ ಕ್ಯಾಸೆಟ್ಟಿನಲ್ಲಿ ಹಾಡಿದವರು ಯಾರು, ಗಿಟಾರು ಯಾರದು, ಡ್ರಮ್ ಯಾರದು ಎಂದು ಕ್ಯಾಸೆಟ್ಟಿನೊಳಗೆ ಮಡಚಿಟ್ಟ ಚೀಟಿಗಳನ್ನು ನೋಡಿ ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ ನಕಲು ಮಾಡಿದ್ದರು. ನಾನು ಆ ಡೈರಿಯನ್ನು ವಾರಗಟ್ಟಲೆ ಓದಿದೆ. ಓದಿದಷ್ಟೂ ಗೊಂದಲ ಹೆಚ್ಚಿತು. ಮೊದಲ ಹಾಡುಗಾರ ನಾಲ್ಕನೆಯದರಲ್ಲಿ ಇಲ್ಲ, ಏಳನೆಯದರಲ್ಲಿ ವಾಪಸ್ಸು ಬಂದಿದ್ದಾನೆ, ಒಂಬತ್ತರಲ್ಲಿ ಮತ್ತೆ ಇಲ್ಲ. ಮೂರನೆಯದರ ಡ್ರಮ್ಮರನ ಹೆಸರೇ ಎಂಟನೆಯದರಲ್ಲೂ ಇದೆ, ಆದರೆ ಒಂದು ಅಕ್ಷರ ವ್ಯತ್ಯಾಸ. ಅವನೇ ತಿರುಗಿ ಬಂದನೋ, ಅವನ ತಮ್ಮನೋ, ಚೀಟಿ ಅಚ್ಚು ಹಾಕಿದವರ ತಪ್ಪೋ, ಅಣ್ಣ ನಕಲು ಮಾಡುವಾಗ ಆದ ತಪ್ಪೋ? ಎಂಟನೆಯದರ ಚೀಟಿಯನ್ನು ಇಲಿ ಕಡಿದುಹಾಕಿತ್ತು, ನೋಡಿ ತಿಳಿಯುವಂತಿರಲಿಲ್ಲ.

ನಮ್ಮ ವಾದ ಮುಖ್ಯವಾಗಿ ಮೂರನೆಯದು ಮತ್ತು ಐದನೆಯದರ ಬಗ್ಗೆ. ನನಗೆ ಮೂರನೆಯದು ಇಷ್ಟ. ಅದರ ಡ್ರಮ್ಮರ್ ಏಟನ್ನು ಕೂದಲೆಳೆಯಷ್ಟು ತಡಮಾಡಿ ಹಾಕುತ್ತಿದ್ದ. ಕೇಳುವಾಗ ಮೆಟ್ಟಿಲು ಇಳಿಯುತ್ತ ಒಂದು ಮೆಟ್ಟಿಲು ಕಾಲಿಗೆ ಸಿಗದೆ ಹೋದಂತೆ ಎದೆ ಝಲ್ಲೆನ್ನುತ್ತಿತ್ತು. ಅಣ್ಣನಿಗೆ ಐದನೆಯದು.

"ಅಚ್ಚುಕಟ್ಟಾಗಿ ಬಾರ್ಸೋದು ತಪ್ಪೇನ್ಲಾ?" ಎಂದು ಕಂಪನಿ ಬಸ್ಸಿನಲ್ಲಿ ನಿಂತುಕೊಂಡೇ ಕೇಳುತ್ತಿದ್ದರು.

"ಅವನು ನಮ್ ರಬ್ಬರ್ ಒತ್ತೋ ಪ್ರೆಸ್ ಮಿಷಿನ್ ಇದ್ದಂಗೆ ಅಣ್ಣ. ಒಂದೇ ಸಮ."

"ಪ್ರೆಸ್ ಮಿಷಿನ್ ಒಂದೇ ಸಮ ಓಡೋಕೆ ನಾನೆಷ್ಟು ಒದ್ದಾಡ್ತೀನಿ ಗೊತ್ತೇನ್ಲಾ ನಿಂಗೆ?"

ಎರಡು ಏಟು ಕೇಳಿದರೆ ಸಾಕು, ಯಾವ ಡ್ರಮ್ಮರೆಂದು ಹೇಳಿಬಿಡುತ್ತೇನೆ ಎಂದು ಜಂಬ ಕೊಚ್ಚಿದೆ. ಅಣ್ಣ ಆ ಭಾನುವಾರವೇ ನನ್ನನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿ, ಒಂದೊಂದೇ ಕ್ಯಾಸೆಟ್ಟಿನ ತುಣುಕು ಹಾಕಿದರು. ಆರರಲ್ಲಿ ನಾಲ್ಕು ತಪ್ಪಾಯಿತು. ಐದನೆಯ ಕ್ಯಾಸೆಟ್ಟಿನದನ್ನು ಕೇಳಿ "ಇದೇ, ಮೂರ್ನೇದು, ಎಂಥ ಏಟು ನೋಡಣ್ಣ" ಎಂದಿದ್ದೆ.

ಅಣ್ಣ ನಗಲಿಲ್ಲ. "ನೀನು ಇಷ್ಟ್ ದಿವ್ಸ ಚೀಟಿ ನೋಡ್ಕಂಡು ಕೇಳ್ತಿದ್ದೆ ಕಣ್ಲಾ" ಅಂದರು.

ಅಡಿಗೆಮನೆಯಿಂದ ಅತ್ತಿಗೆ, "ನಂಗೆ ಒಂಬತ್ತೂ ಒಂದೇ ಥರ ಕೇಳ್ತವೆ, ನನ್ನೂ ಪರೀಕ್ಷೆಗೆ ಕೂರ್ಸಿ" ಎಂದು ಕೂಗಿದರು. ನನಗೆ ಮುಖ ತೋರಿಸಲಾಗದಷ್ಟು ನಾಚಿಕೆಯಾಗಿತ್ತು. ಆಮೇಲೆ ಒಬ್ಬನೇ ಕೂತು ಮೂರನೆಯದನ್ನು ಕೇಳಿದಾಗ ಆ ತಡವಾದ ಏಟು ಒಮ್ಮೆ ಸಿಕ್ಕಿತು, ಒಮ್ಮೆ ಸಿಗಲಿಲ್ಲ. ನಿಜಕ್ಕೂ ಇತ್ತೋ ಇಲ್ಲವೋ!

ಆ ವರ್ಷ ಕಾರ್ಖಾನೆಯಲ್ಲಿ ಆಯುಧಪೂಜೆಗೆ ಒಂದು ಕಾರ್ಯಕ್ರಮ ಮಾಡಬೇಕೆಂದು ಮ್ಯಾನೇಜರು ಹೇಳಿದರು. ಅಣ್ಣನ ಹತ್ತಿರ ಗಿಟಾರ್ ಇತ್ತು. ಸ್ಟೋರಿನಲ್ಲಿದ್ದ ರಾಮನಗರದವರೊಬ್ಬರು ಸಿನಿಮಾ ಹಾಡು ಚೆನ್ನಾಗಿ ಹಾಡುತ್ತಿದ್ದರು. ಕನಕಪುರದಲ್ಲಿ ಮದುವೆಗಳಿಗೆ ಆರ್ಕೆಸ್ಟ್ರಾ ನಡೆಸುತ್ತಿದ್ದವರಿಂದ ಅಣ್ಣ ಡ್ರಮ್ ಸೆಟ್ ತಂದರು. "ನೀನು ಕೂತ್ಕೊ" ಅಂದರು. ನಾನು ಸೈಡ್ ಡ್ರಮ್ ಬಿಟ್ಟು ಬೇರೆ ಮುಟ್ಟಿದವನಲ್ಲ. ಬಲಗಾಲಿನಲ್ಲಿ ದೊಡ್ಡ ಡ್ರಮ್ಮಿನ ಪೆಡಲ್ ತುಳಿಯುವುದನ್ನು ಕಲಿಯಲು ಒಂದು ತಿಂಗಳು ಹಿಡಿಯಿತು.

ಭಾನುವಾರ ಮಧ್ಯಾಹ್ನ ಕ್ಯಾಂಟೀನಿನ ಶೆಡ್ಡಿನಲ್ಲಿ ಅಭ್ಯಾಸ. ಮೂರು ಸಿನಿಮಾ ಹಾಡು, ಜೊತೆಗೆ ಅಣ್ಣ ತಾವೇ ಕಟ್ಟಿದ ಮಾತಿಲ್ಲದ ಒಂದು ತುಣುಕು. ಅದಕ್ಕೆ ಹೆಸರಿಟ್ಟಿರಲಿಲ್ಲ, 'ನಮ್ದು' ಅನ್ನುತ್ತಿದ್ದೆವು. ಅಕ್ಕಿ ಮೂಟೆಯ ಮೇಲೆ ಟೇಪ್ ರೆಕಾರ್ಡರ್ ಇಟ್ಟು ಪ್ರತಿಸಲ ರೆಕಾರ್ಡ್ ಮಾಡಿಕೊಳ್ಳುತ್ತಿದ್ದೆವು. ಆಯುಧಪೂಜೆಯ ದಿನ 'ನಮ್ದು' ಬಾರಿಸುವಾಗ ಪ್ರೆಸ್ ವಿಭಾಗದ ಹುಡುಗರು ಬೂದುಗುಂಬಳಕಾಯಿ ಒಡೆದ ಜಾಗದಲ್ಲೇ ಕುಣಿದರು, ಒಬ್ಬ ಜಾರಿಬಿದ್ದ. ಮ್ಯಾನೇಜರು ಕೊನೆಯವರೆಗೂ ಕೂತಿದ್ದು, "ಚೆನ್ನಾಗಿತ್ತು, ಸ್ವಲ್ಪ ಕಿವಿಗೆ ಕಷ್ಟ" ಎಂದು ಹೇಳಿ ಹೋದರು. ಆ ದಿನದಷ್ಟು ಖುಷಿ ನನಗೆ ಆ ಕಾರ್ಖಾನೆಯಲ್ಲಿ ಮತ್ತೆ ಯಾವತ್ತೂ ಆಗಲಿಲ್ಲ.

ಹಬ್ಬ ಕಳೆದ ಮೇಲೂ ಭಾನುವಾರದ ಅಭ್ಯಾಸ ನಡೆದಿತ್ತು. ಎರಡು ತಿಂಗಳಿಗೆ ಹೊಸ ಪ್ರೆಸ್ ಲೈನ್ ಬಂತು. ನನ್ನನ್ನು ಅದಕ್ಕೆ ಹಾಕಿದರು. ಮಧ್ಯಾಹ್ನದ ಪಾಳಿ, ಭಾನುವಾರವೂ ಕೆಲಸ, ರಜೆ ಬುಧವಾರ. ಪಾಳಿ ಮುಗಿಯುವ ಹೊತ್ತಿಗೆ ಕನಕಪುರಕ್ಕೆ ಬಸ್ಸು ಸಿಗುವುದು ಕಷ್ಟವೆಂದು ಹಾರೋಹಳ್ಳಿಯಲ್ಲೇ ಕೋಣೆ ಮಾಡಿದೆ. ಒಂದು ದಿನ ಅಣ್ಣ ನನ್ನ ಮೆಷಿನ್ನಿನ ಹತ್ತಿರ ಬಂದು ಟೆಸ್ಟರನ್ನು ಸುಮ್ಮನೆ ಕೈಯಲ್ಲಿ ತಿರುಗಿಸುತ್ತ ನಿಂತರು.

"ಪ್ಯಾಕಿಂಗ್‌ನಲ್ಲಿ ಚನ್ನಪಟ್ಣದ ಹುಡ್ಗ ಒಬ್ಬ ಬಂದವ್ನೆ. ಆರ್ಕೆಸ್ಟ್ರಾದಲ್ಲಿ ಬಾರ್ಸಿದ್ನಂತೆ. ಅವನ್ನ ಡ್ರಮ್ಮಿಗೆ ಕೂರ್ಸ್ಕಂಡಿವ್ನಿ. ಬೇಜಾರ್ ಮಾಡ್ಕಬ್ಯಾಡ."

"ನಂಗ್ಯಾಕಣ್ಣ ಬೇಜಾರು? ಪಾಳಿ ಹಿಂಗೈತೆ, ಏನ್ ಮಾಡೋಕಾಯ್ತದೆ?"

ಬೇಜಾರಾಗಿತ್ತು. ಆದರೆ ಯಾರ ಮೇಲೆ ಅನ್ನುವುದು ಗೊತ್ತಾಗಲಿಲ್ಲ. ಅಣ್ಣನ ಮೇಲಲ್ಲ. ಆ ಚನ್ನಪಟ್ಟಣದವನನ್ನು ನಾನು ನೋಡಿಯೂ ಇರಲಿಲ್ಲ. ಭಾನುವಾರ ಪ್ರೆಸ್ಸಿನ ಸದ್ದಿನ ನಡುವೆ ಕ್ಯಾಂಟೀನಿನ ಕಡೆಯಿಂದ ಡ್ರಮ್ ತುಂಡುತುಂಡಾಗಿ ಕೇಳಿಸುತ್ತಿತ್ತು. ನಾನು ಅಚ್ಚಿನಿಂದ ಬಿಸಿ ರಬ್ಬರ್ ತೆಗೆಯುತ್ತ ಅವನು ತಪ್ಪುವುದನ್ನು ಕಾಯುತ್ತಿದ್ದೆ. ಅವನು ತಪ್ಪಿದನೋ, ಪ್ರೆಸ್ಸಿನ ಸದ್ದು ಅಡ್ಡ ಬಂತೋ ತಿಳಿಯುತ್ತಿರಲಿಲ್ಲ. ಅವನನ್ನು ಮಾತಾಡಿಸಿದ್ದು ಎರಡೇ ಸಲ, ಅದೂ ಗೇಟಿನ ಬಳಿ. ಮೆತ್ತಗಿನ ಹುಡುಗ. ಮರುವರ್ಷ ನಾನು ಬಿಡದಿಯ ಬೇರೊಂದು ಕಾರ್ಖಾನೆಗೆ ಹೋದೆ. ಸ್ವಲ್ಪ ಕಾಲಕ್ಕೆ ಅವನೂ ಕೆಲಸ ಬಿಟ್ಟನೆಂದು, ಬ್ಯಾಂಡು ನಿಂತಿತೆಂದು ಕೇಳಿದೆ.

ನಾಲ್ಕು ವರ್ಷದ ನಂತರ ನನ್ನ ಮದುವೆಗೆ ಬಂದ ಅಣ್ಣ ಒಂದು ಸಿಡಿ ಕೊಟ್ಟರು. ಕನಕಪುರದ ಕಂಪ್ಯೂಟರ್ ಅಂಗಡಿಯಲ್ಲಿ ಕ್ಯಾಂಟೀನಿನ ಅಭ್ಯಾಸದ ಹಳೆಯ ಟೇಪುಗಳಿಂದ ಹಾಕಿಸಿದ್ದಂತೆ. ಒಟ್ಟು ಆರು ತುಣುಕು.

"ಎಲ್ಡೂ ಐತೆ. ಒಸಿ ನಿಂದು, ಒಸಿ ಆ ಚನ್ನಪಟ್ಣದ ಹುಡ್ಗಂದು" ಎಂದರು.

ಕಲ್ಯದ ಮನೆಯಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಸಿಡಿ ಹಾಕಿದೆ. ಎರಡನೆಯದು 'ನಮ್ದು'. ಕೇಳುತ್ತಿದ್ದಂತೆ ಸದ್ದು ಹೆಚ್ಚಿಸಿದೆ. "ಇದು ನಾನೇ" ಎಂದೆ. ಕೊನೆಯಲ್ಲಿ ಎಲ್ಲ ಮುಗಿದ ಮೇಲೆ ಎರಡು ಏಟು ಹೆಚ್ಚಿಗೆ ಬೀಳುತ್ತವೆ, ಆಮೇಲೆ ಯಾರೋ "ಆಯ್ತಾ?" ಎಂದು ಕೇಳುವುದು ಟೇಪಿನಲ್ಲಿ ಸಿಕ್ಕಿದೆ. "ಕೇಳ್ದಾ, ನನ್ನ ಧ್ವನಿ" ಎಂದೆ.

"ನಿಮ್ದಾ? ನಿಮ್ ಥರ ಇಲ್ವಲ್ಲ" ಎಂದಳು ಹೆಂಡತಿ.

ಖುಷಿ ಹಂಚಿಕೊಳ್ಳಲು ಅಣ್ಣನಿಗೆ ಫೋನ್ ಮಾಡಿದೆ. ಎರಡನೆಯದರಲ್ಲಿ ಎಷ್ಟು ಚೆನ್ನಾಗಿ ಬಾರಿಸಿದ್ದೇನೆ ನೋಡಣ್ಣ ಎಂದೆ.

"ಎಲ್ಡನೇದು ಅವನಲ್ವೇನ್ಲಾ?"

"ಇಲ್ಲಣ್ಣ, ನಾನು. ಕೊನೇಲಿ ಮಾತಾಡಿದೀನಲ್ಲ."

"ಅದು ಅವನೇ ಅಂದ್ಕಂಡಿದ್ದೆ. ತಡಿ. ಒಂದೇ ಟೇಪಿನ ಮೇಲೆ ಎಷ್ಟ್ ಸಲ ರೆಕಾರ್ಡ್ ಮಾಡ್ದೋ ಏನೋ. ಆ ಪರದೇಶದೋರಿಗೆ ಒಂಬತ್ತು ಸಾಲು ಬರ್ದಿಟ್ಟೆ, ನಮ್ದಕ್ಕೆ ಬರ್ದಿಡ್ಬೇಕು ಅಂತ ಹೊಳೀನೇ ಇಲ್ಲ ಕಣ್ಲಾ."

ನನ್ನ ಕೈಯನ್ನೇ ನಾನು ಗುರುತಿಸಲಾರೆನೇ? ಬಿಡದಿಯಲ್ಲಿ ಕೆಲಸ ಮಾಡುವಾಗಲೂ ಅದೇ ಯೋಚನೆ. ಕೊನೆಗೊಂದು ರಜೆಯ ದಿನ, ಅಣ್ಣನಿಂದ ಆ ಹುಡುಗನ ವಿಳಾಸ ಕೇಳಿಕೊಂಡು, ಸಿಡಿ ಜೇಬಿಗಿಟ್ಟುಕೊಂಡು ಚನ್ನಪಟ್ಟಣಕ್ಕೆ ಹೋದೆ. ಅವನು ಅಲ್ಲಿ ಬೊಂಬೆ ಮಾಡುವ ಅಂಗಡಿಯೊಂದರಲ್ಲಿ ಮರ ಕಡೆಯುವ ಕೆಲಸಕ್ಕೆ ಸೇರಿದ್ದ. ನನ್ನನ್ನು ಕಂಡು ಮೆಷಿನ್ ನಿಲ್ಲಿಸಿ, ಮೈಮೇಲಿನ ಮರದ ಪುಡಿ ಕೊಡವಿಕೊಂಡು, ಹಿಂದಿನ ಬೀದಿಯ ತನ್ನ ಮನೆಗೆ ಕರೆದುಕೊಂಡು ಹೋದ. ಬಂದ ವಿಷಯ ಹೇಳಿದೆ. ಅವನಿಗೇನೂ ವಿಚಿತ್ರ ಅನ್ನಿಸಿದಂತೆ ಕಾಣಲಿಲ್ಲ. ಡಿವಿಡಿ ಪ್ಲೇಯರಿಗೆ ಸಿಡಿ ಹಾಕಿ, ಎರಡನೆಯದನ್ನು ಕಣ್ಣು ಮುಚ್ಚಿಕೊಂಡು ಕೇಳಿದ.

"ಇದು ನೀವೇ ಅಣ್ಣ" ಎಂದ.

ನನಗೆ ತುಂಬ ಸಮಾಧಾನವಾಯಿತು. "ಹೆಂಗೆ ಗೊತ್ತಾಯ್ತು?"

"ಕೊನೇಲಿ ಎಲ್ಡು ಏಟು ಜಾಸ್ತಿ ಐತಲ್ಲ, ಅದು ನಿಮ್ದು." ಪ್ಲೇಯರ್ ನಿಲ್ಲಿಸಿ ಮತ್ತೆ ಹೇಳಿದ. "ಆದ್ರೆ ಅಣ್ಣ, ನಾನು ಸೇರ್ಕಂಡಾಗ ಗಿಟಾರಿನೋರು ನಿಮ್ ಟೇಪು ಕೊಟ್ಟು, ಹಿಂಗೇ ಬಾರ್ಸು ಅಂದಿದ್ರು. ಆ ಎಲ್ಡು ಏಟೂ ಕಲ್ತ್ಕಂಡಿದ್ದೆ. ಆಮೇಲೆ ಬುಟ್ಬುಟ್ಟೆ. ಯಾವಾಗ ಬುಟ್ಟೆ ಅನ್ನೋದು ಗ್ಯಾನ ಇಲ್ಲ."

"ಮತ್ತೆ ಆ 'ಆಯ್ತಾ' ಅಂದಿದ್ದು?"

ಇನ್ನೊಮ್ಮೆ ಹಾಕಿ ಕೇಳಿದೆವು. ಅವನು ತನ್ನ ಬಾಯಲ್ಲಿ "ಆಯ್ತಾ" ಎಂದು ಹೇಳಿ ನೋಡಿದ. ನಾನೂ ಹೇಳಿದೆ. ಕಾಫಿ ತಂದ ಅವನ ತಾಯಿ ಬಾಗಿಲಲ್ಲಿ ನಿಂತು, ಏನು ಆಗಬೇಕಿತ್ತೋ ತಿಳಿಯದೆ ಇಬ್ಬರ ಮುಖವನ್ನೂ ನೋಡಿದರು. ನಾಲ್ಕು ಸಲ ಕೇಳಿದ ಮೇಲೆ ಅವನು, "ಇದು ನಾನೇ ಇರ್ಬೋದೇನೋ" ಎಂದ. ಅಷ್ಟು ಹೊತ್ತಿಗೆ ನನಗೂ ಹಾಗೇ ಅನ್ನಿಸತೊಡಗಿತ್ತು. ಐದನೆಯ ಸಲ, ನಮ್ಮ ಜೊತೆ ಹಾಡುತ್ತಿದ್ದ ಸ್ಟೋರಿನವರ ಧ್ವನಿಯಂತೆ ಕೇಳಿಸಿತು.

ಆ ಮಧ್ಯಾಹ್ನವೆಲ್ಲ ಆರು ತುಣುಕನ್ನೂ ತಿರುತಿರುಗಿ ಕೇಳಿದೆವು. ಪಾಳಿಗೆ ಸೇರಿದ ಮೊದಲ ಭಾನುವಾರಗಳಲ್ಲಿ ನಾನು ಪ್ರೆಸ್ಸಿನ ಹತ್ತಿರ ನಿಂತು ಅವನು ತಪ್ಪಲೆಂದು ಕಾದಿದ್ದನ್ನು ಅವನಿಗೆ ಹೇಳಿಬಿಟ್ಟೆ. ಅವನು ನಕ್ಕು, "ತಪ್ತಿದ್ದೆ ಅಣ್ಣ, ಸ್ಯಾನೆ ತಪ್ತಿದ್ದೆ" ಎಂದ. ಹೊರಡುವಾಗ ತನ್ನ ಹತ್ತಿರ ಆ ದಿನಗಳದ್ದು ಏನೂ ಇಲ್ಲವೆಂದು, ಸಿಡಿ ಇಟ್ಟುಕೊಳ್ಳಲೇ ಎಂದು ಕೇಳಿದ. ಕೊಟ್ಟೆ.

ಊರಿಗೆ ಬಂದು ಹೆಂಡತಿಗೆ ಹೇಳಿದಾಗ, "ಅದ್ಯಾಕ್ರೀ ಕೊಟ್ರಿ?" ಎಂದಳು.

"ಅವನೂ ಬಾರ್ಸವ್ನಲ್ಲ ಅದ್ರಲ್ಲಿ."

"ನೀವೂ ಬಾರ್ಸಿದೀರಲ್ಲ. ಒಂದು ಕಾಪಿ ಮಾಡಿಸ್ಕಂಡು ಕೊಡ್ಬೇಕಿತ್ತು."

ಕಾಪಿ ಮಾಡಿಸಬಹುದಿತ್ತು. ಚನ್ನಪಟ್ಟಣದ ಬಸ್ ಸ್ಟ್ಯಾಂಡಿನ ಎದುರೇ ಅಂಥ ಅಂಗಡಿಯಿತ್ತು, ಹೋಗುವಾಗ ನೋಡಿಯೂ ಇದ್ದೆ. ಯಾಕೆ ಹೊಳೆಯಲಿಲ್ಲವೆಂದು ನನಗೆ ಇವತ್ತಿಗೂ ಗೊತ್ತಿಲ್ಲ.